ಸಿಗಡಿ ಶೆಡ್ಡಿನ ಪತ್ತೇದಾರಿ

ಹೆಣ ದಡದಲ್ಲಿ ಸಿಕ್ಕಿದ್ದು ಬೆಳಿಗ್ಗೆ. ಮಧ್ಯಾಹ್ನದೊಳಗೆ ತೀರ್ಪೂ ಸಿಕ್ಕಿತ್ತು. ಹುಡುಗಿ ಸಮುದ್ರಕ್ಕೆ ಬಿದ್ದು ಸತ್ತಳು. ಮನೆಯಲ್ಲಿ ಜಗಳವಾಗಿತ್ತು. ಹೆತ್ತ ತಾಯಿಯೇ ಬೀಳು ಅಂದಿದ್ದಳು. ನಲ್ಲಿಯ ಮುಂದೆ ಸಾಲಾಗಿ ನಿಂತ ಕೊಡಗಳಿಗೂ ಈ ತೀರ್ಪು ಬಾಯಿಪಾಠವಾಗಿತ್ತು.

ಅಂದಿದ್ದು ಸುಳ್ಳಲ್ಲ. ಹಿಂದಿನ ದಿನ ಬೆಳಿಗ್ಗೆ ಕಿರಿಯವಳು ಚಾಪೆ ಬಿಟ್ಟು ಏಳಲಿಲ್ಲ. ಮುಟ್ಟಾಗಿದ್ದೀನಿ, ಹೊಟ್ಟೆ ಹಿಂಡ್ತಿದೆ, ಇವತ್ತೊಂದಿನ ಶೆಡ್ಡಿಗೆ ಹೋಗಲ್ಲ ಅಂದಳು. ಅಮ್ಮ ಹೊಸ್ತಿಲಲ್ಲಿ ಕೂತು ಯಾರದೋ ಹರಿದ ಬಲೆ ಹೆಣೆಯುತ್ತಿದ್ದಳು. "ನಿನ್ನ ಹೆತ್ತ ವಾರಕ್ಕೆ ನಾನು ಮೀನಿನ ಬುಟ್ಟಿ ಹೊತ್ತೋಳು. ನಿನಗೆ ಹೊಟ್ಟೆನೋವಾ? ಏಳ್ತೀಯೋ ಇಲ್ಲ ಹೋಗಿ ಸಮುದ್ರಕ್ಕೆ ಬೀಳ್ತೀಯೋ?" ಅಂದಳು. ಯಾವ ತಾಯಿ ಅನ್ನುವುದಿಲ್ಲ ಇಂಥ ಮಾತು? ಆ ಕೇರಿಯಲ್ಲಿ ಮಕ್ಕಳನ್ನು ಎಬ್ಬಿಸುವುದೇ ಹೀಗೆ. ಒಂದೊಂದು ಮನೆಯ ಮಕ್ಕಳು ದಿನಕ್ಕೆರಡು ಸಲ ಸಮುದ್ರಕ್ಕೆ ಬಿದ್ದು, ಊಟದ ಹೊತ್ತಿಗೆ ಎದ್ದು ಬರುತ್ತಿದ್ದವು. ಇವಳು ಬರಲಿಲ್ಲ.

ಅಮ್ಮ ಅಳಲಿಲ್ಲ. ಗೋಡೆಗೆ ಒರಗಿ ಕೂತುಬಿಟ್ಟಳು. ಯಾರು ಬಂದರೂ ಒಂದೇ ಮಾತು. "ನನ್ನ ನಾಲಿಗೆಗೆ ಹುಳ ಬೀಳ್ಲಿ." ಅನ್ನ ಮುಟ್ಟಲಿಲ್ಲ. ನೀರು ಕೊಟ್ಟರೆ ತುಟಿ ಬಿಗಿಹಿಡಿದಳು. ಬಲೆಯ ಸೂಜಿ ಕೈಗಿಟ್ಟರೆ ಅದನ್ನೇ ನೋಡುತ್ತಾ ಕೂತಳು. ಮಗಳು ಸತ್ತ ದುಃಖಕ್ಕಿಂತ ದೊಡ್ಡದೊಂದು ಅವಳ ಎದೆಯ ಮೇಲೆ ಕೂತಿತ್ತು. ಮಗಳನ್ನು ಕೊಂದವಳು ತಾನೇ ಅನ್ನುವುದು ಅವಳಿಗೆ ಖಾತ್ರಿಯಾಗಿತ್ತು.

ಹಿರಿಯ ಮಗಳಿಗೆ ಇದನ್ನು ಸಹಿಸಲಾಗಲಿಲ್ಲ. ಕೇರಿ ಅವಳನ್ನು ಕರೆಯುವುದು ಪತ್ತೇದಾರಿ ಅಂತ. ಕಳೆದುಹೋದ ಕೋಳಿ ಯಾರ ಮನೆಯ ಸಾರಿನಲ್ಲಿದೆ, ನಲ್ಲಿಯ ಹತ್ತಿರ ಬಿಟ್ಟ ಹಿತ್ತಾಳೆ ಕೊಡ ಯಾರ ಅಟ್ಟದಲ್ಲಿದೆ, ಈ ದೋಣಿಯ ಡೀಸೆಲ್ಲು ಯಾರ ಡಬ್ಬಿ ಸೇರಿತು, ಎಲ್ಲ ಹೇಳುತ್ತಿದ್ದಳು. ಗಂಡ ದೋಣಿ ಹತ್ತಿ ಹೋದವನು ಇನ್ನೊಂದು ಬಂದರಿನಲ್ಲಿ ಇನ್ನೊಂದು ಸಂಸಾರ ಹೂಡಿದ್ದ. ಅದನ್ನೂ ಇವಳೇ ಪತ್ತೆ ಮಾಡಿದಳು. ಆ ಮೇಲೆ ಹುಡುಕುವುದು ಅಭ್ಯಾಸವಾಯಿತು ಅಂತ ತಾನೇ ನಗುತ್ತಿದ್ದಳು. ಅವಳ ವಿದ್ಯೆಯೆಲ್ಲ ಒಂದೇ ಗಾದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾಲ್ಕು ಜನರ ನಡುವೆ ಏನೋ ಒಂದು ಮಾತು ಬಿಡುವುದು, ಯಾರ ಕೈ ಹೆಗಲಿಗೆ ಹೋಗುತ್ತದೆ ಅಂತ ಕಾಯುವುದು. ಅಷ್ಟೇ.

ಆದರೆ ತಂಗಿಯ ಹೆಣದ ಮುಂದೆ ಅವಳ ವಿದ್ಯೆ ಕೆಲಸ ಮಾಡಲಿಲ್ಲ. ಅಲ್ಲಿ ಅವಳು ಬರೀ ಅಕ್ಕ.

ಆಸ್ಪತ್ರೆಯಲ್ಲಿ ಡಾಕ್ಟರು ಬಾಗಿಲಲ್ಲೇ ನಿಂತು ನೋಡಿದರು. ಮೂಗಿಗೆ ಕರವಸ್ತ್ರ. ಮುಳುಗಿ ಸತ್ತದ್ದು ಅಂತ ಬರೆದರು. ಹೆಣದ ವಾಸನೆಗಲ್ಲ ಆ ಕರವಸ್ತ್ರ. ಸಿಗಡಿಯ ವಾಸನೆಗೆ. ಬದುಕಿದ್ದಾಗಲೂ ಅವಳು ಹಾಗೇ ನಾರುತ್ತಿದ್ದಳು. ಶೆಡ್ಡಿನ ಹೆಂಗಸರೆಲ್ಲ ನಾರುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಐಸಿನಲ್ಲಿ ಕೈಯಿಟ್ಟು ಸಿಗಡಿ ಸುಲಿಯುವವರು ಮಲ್ಲಿಗೆಯ ಹಾಗೆ ಘಮಘಮ ಅನ್ನುತ್ತಾರೆಯೇ? ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿ. ಬಟ್ಟೆ ಅಂಗಡಿಯವನು ದೂರದಿಂದಲೇ ಸೀರೆ ತೋರಿಸುತ್ತಾನೆ, ಮುಟ್ಟಬೇಡಿ ಅನ್ನುತ್ತಾನೆ. ಶಾಲೆಯಲ್ಲಿ ಟೀಚರು ಕಿಟಕಿ ತೆಗೆಯುತ್ತಾರೆ. ಅವರು ಸುಲಿದ ಸಿಗಡಿ ಮಾತ್ರ ದೊಡ್ಡವರ ತಟ್ಟೆಯಲ್ಲಿ ನಾರುವುದಿಲ್ಲ.

ಅದಕ್ಕೇ ಶೆಡ್ಡಿನವರಲ್ಲಿ ಒಂದು ರೂಢಿ ಬೆಳೆದಿತ್ತು. ಯಾರಾದರೂ ಮದುವೆಗೋ ಮಗುವಿನ ಶಾಲೆಗೋ ಹೋಗುವುದಿದ್ದರೆ ಉಳಿದವರು ಅವಳ ಕೈ ತಿಕ್ಕಿಕೊಡಬೇಕು. ನಿಂಬೆ ಸಿಪ್ಪೆ, ಪಟಿಕ, ಸಣ್ಣ ಮರಳು. ಉಗುರಿನ ಸಂದಿಗೆ ಸೂಜಿ. ತನ್ನ ಕೈ ತಾನೇ ತಿಕ್ಕಿಕೊಳ್ಳಲು ಆಗುವುದಿಲ್ಲ. ಬೆರಳ ತುದಿಯೆಲ್ಲ ಹಸಿ ಹುಣ್ಣು. ಇನ್ನೊಬ್ಬಳು ಗಟ್ಟಿಯಾಗಿ ಹಿಡಿದುಕೊಂಡರೆ ಹೇಗೋ ತಡೆದುಕೊಳ್ಳಬಹುದು.

ತಂಗಿಯ ಕೈಯನ್ನು ಅಕ್ಕ ಹಾಗೇ ತಿಕ್ಕಿದಳು. ಮಣ್ಣಿಗೆ ಹೋಗುವಾಗಲಾದರೂ ನಾರದೆ ಹೋಗಲಿ ಅಂತ. ಉಗುರಿನ ಸಂದಿಯಲ್ಲಿ ಸಿಗಡಿ ಸಿಪ್ಪೆಯ ಚೂರು ಕೂತಿತ್ತು. ಒಂದೊಂದನ್ನೇ ಸೂಜಿಯಲ್ಲಿ ಎತ್ತಿದಳು. ಎರಡೂ ಅಂಗೈಯ ಹೊರ ಅಂಚು, ಕಿರುಬೆರಳಿನ ಕೆಳಗೆ, ಜಜ್ಜಿ ಕಪ್ಪಾಗಿತ್ತು. ಬಂಡೆಗೆ ಬಡಿದಿರಬೇಕು ಅಂದುಕೊಂಡು ಅಲ್ಲಿ ಸ್ವಲ್ಪ ಮೆಲ್ಲಗೆ ತಿಕ್ಕಿದಳು. ಕಾಲು ತೊಳೆದಳು. ತಲೆ ಬಾಚಿದಳು. ಮಣ್ಣು ಮಾಡಿ ಬಂದರು.

ಮರುದಿನವೇ ಅಕ್ಕ ಅದೇ ಶೆಡ್ಡಿಗೆ ಕೆಲಸಕ್ಕೆ ಹೋದಳು. ದುಃಖಕ್ಕೆ ರಜೆ ಕೊಡುವ ಶೆಡ್ಡು ಇನ್ನೂ ಯಾರೂ ಕಟ್ಟಿಲ್ಲ. ಸಂಜೆ ಸೈರನ್ ಆದ ಮೇಲೆ ಎಲ್ಲರೂ ಬಾಗಿಲ ಹತ್ತಿರದ ಬಕೆಟ್ಟಿಗೆ ಸಾಲು ನಿಂತರು. ಅದರಲ್ಲಿ ಪಟಿಕದ ನೀರು. ಕೈ ಅದ್ದಿದರೆ ಸುಲಿದ ಚರ್ಮ ಬಿಗಿಯಾಗುತ್ತದೆ, ನಾಳೆಗೆ ಮತ್ತೆ ಸುಲಿಸಿಕೊಳ್ಳಲು ತಯಾರಾಗುತ್ತದೆ. ಅದ್ದದೆ ಮನೆಗೆ ಹೋದರೆ ಉರಿಗೆ ನಿದ್ದೆ ಬರುವುದಿಲ್ಲ. ಕೈ ಅದ್ದಿ, ಉಗುರು ಕೆರೆದುಕೊಂಡು, ಗಮ್‌ಬೂಟು ಕಳಚಿ, ತಮ್ಮ ತಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಡುವುದು ಎಲ್ಲರ ಪದ್ಧತಿ.

ಅವಳ ಕೈ ಬಕೆಟ್ಟಿನಲ್ಲೇ ನಿಂತಿತು. ಹಿಂದೆ ನಿಂತವಳು ತಿವಿದಳು. ಅವಳಿಗೆ ಗೊತ್ತಾಗಲಿಲ್ಲ.

ತಂಗಿಯ ಬೆರಳು ಮೆತ್ತಗಿತ್ತು. ಪಟಿಕ ಕಂಡಿರಲಿಲ್ಲ. ಉಗುರಿನಲ್ಲಿ ಸಿಪ್ಪೆ ಹಾಗೇ ಇತ್ತು. ಅಂದರೆ ಅವಳು ಕೆಲಸ ಮುಗಿಸಿ ಹೊರಡಲೇ ಇಲ್ಲ. ಅಕ್ಕ ಬೂಟು ಕಳಚುವ ಕಡೆಗೆ ಓಡಿದಳು. ಗೋಡೆಯ ಮೂಲೆಯಲ್ಲಿ, ಎರಡು ದಿನದಿಂದ ಯಾರೂ ಮೆಟ್ಟದ ಒಂದು ಜೊತೆ ಉಳಿದಿತ್ತು. ಉಂಗುಷ್ಟ ಕಿತ್ತುಹೋಗಿ ಪಿನ್ನು ಚುಚ್ಚಿದ ನೀಲಿ ಚಪ್ಪಲಿ. ಪಿನ್ನು ಚುಚ್ಚಿಕೊಟ್ಟಿದ್ದವಳು ಅವಳೇ.

ಚಪ್ಪಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಠಾಣೆಗೆ ಹೋದಳು. ದಫೇದಾರನ ಮೇಜಿನ ಮೇಲೆ ಇಟ್ಟಳು.

"ಚಪ್ಪಲಿ ತೆಗೀಯಮ್ಮ ಮೇಜಿಂದ," ಅಂದ ಅವನು.

ಅವಳು ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಉಗುರಿನ ಸಿಪ್ಪೆಯ ಮಾತು ಹೇಳಿದಳು. ಪಟಿಕದ ಮಾತು ಹೇಳಿದಳು.

"ಸಿಪ್ಪೆ ಇತ್ತು ಅಂತೀಯಲ್ಲ, ಈಗ ಎಲ್ಲಿದೆ ಅದು?"

"ತೊಳೆದ್ವಿ ಸಾರ್."

"ಯಾರು ತೊಳೆದದ್ದು?"

"ನಾನೇ."

ದಫೇದಾರ ಪಕ್ಕದ ಪೇದೆಯ ಕಡೆ ತಿರುಗಿದ. "ನೋಡಪ್ಪ. ಸಾಕ್ಷಿ ತೊಳೆದೋಳೇ ಕಂಪ್ಲೇಂಟ್ ಕೊಡೋಕೆ ಬಂದಿದ್ದಾಳೆ." ಇಬ್ಬರೂ ನಕ್ಕರು.

"ಈ ಚಪ್ಪಲಿ ಶೆಡ್ಡಲ್ಲೇ ಇತ್ತು ಸಾರ್. ಹೊರಗೆ ಹೋದೋಳು ಚಪ್ಪಲಿ ಬಿಟ್ಟು ಹೋಗ್ತಾಳಾ?"

"ಸಾಯೋಕೆ ಹೋಗೋರಿಗೆ ಚಪ್ಪಲಿ ಯಾಕಮ್ಮ?"

"ಶೆಡ್ಡಿಂದ ನೀರಿನ ತನಕ ಬರೀ ಗಾಜು, ಚಿಪ್ಪು. ಬರಿಗಾಲಲ್ಲಿ ನಡೆದಿದ್ರೆ ಕಾಲು ಕೊಯ್ದಿರ್ಬೇಕಲ್ಲ. ಅವಳ ಕಾಲಲ್ಲಿ ಒಂದು ಗೀರೂ ಇರ್ಲಿಲ್ಲ."

"ಕಾಲನ್ನೂ ನೀನೇ ತೊಳೆದೆ ತಾನೇ?"

ಯಾವ ಕಡೆಯಿಂದ ಬಂದರೂ ಅವನು ಅವಳ ಕೈಯನ್ನೇ ತೋರಿಸುತ್ತಿದ್ದ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ತನ್ನ ಕೈಗೆ ತಾನೇ ಹೊಡೆದುಕೊಂಡಳು. ನಾರಿದರೆ ನಾರಲಿ ಅಂತ ಬಿಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು? ಬಡವರ ಪ್ರೀತಿಯೂ ಬಡವರಿಗೇ ಮುಳ್ಳಾಗುತ್ತದೆ. ಹಾಳಾಗಿ ಹೋಗಲಿ ಆ ನಿಂಬೆಹಣ್ಣು.

ಮನೆಗೆ ಬಂದು ಅಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಅಮ್ಮ, ಅವಳು ಸಮುದ್ರಕ್ಕೆ ಬಿದ್ದಿಲ್ಲ. ನಿನ್ನ ಮಾತಿಗೆ ಸತ್ತಿಲ್ಲ."

ಅಮ್ಮ ಅವಳ ಕೆನ್ನೆ ಸವರಿದಳು. "ನನ್ನ ಸಮಾಧಾನಕ್ಕೆ ಹೇಳ್ತೀಯಾ ಮಗಳೇ. ಹೇಳು, ಹೇಳು." ಮತ್ತೆ ಗೋಡೆಗೆ ತಿರುಗಿದಳು.

ಆ ರೀತಿ ಸುಮ್ಮನೆ ಹೇಳಿದರೆ ಆಗುವುದಿಲ್ಲ ಅಂತ ಅವಳಿಗೆ ಗೊತ್ತಾಯಿತು. ಎಲ್ಲಿ, ಹೇಗೆ, ಯಾರಿಂದ ಅಂತ ತಂದು ಮುಂದಿಡಬೇಕು. ಇಲ್ಲದಿದ್ದರೆ ತಂಗಿಯ ಹಿಂದೆ ಅಮ್ಮನನ್ನೂ ಹೊರಬೇಕಾಗುತ್ತದೆ.

ಶೆಡ್ಡಿನಲ್ಲಿ ಒಬ್ಬೊಬ್ಬರನ್ನೇ ಕೇಳಿದಳು. ನನ್ನ ತಂಗಿಯನ್ನು ಕೊನೆಗೆ ನೋಡಿದ್ದು ಯಾರು? ಎಲ್ಲರ ತಲೆ ಟ್ರೇ ಮೇಲೆ ಬಗ್ಗಿತು. ನೋಡಿಲ್ಲ, ಗೊತ್ತಿಲ್ಲ, ನಾನು ಆ ಕಡೆ ಇದ್ದೆ. ತಂಗಿಯ ಮೇಜಿನಲ್ಲೇ ನಿಲ್ಲುತ್ತಿದ್ದ ಒಬ್ಬಳಿಗೆ ಬಾಯಿಬಡುಕಿ ಅಂತಲೇ ಹೆಸರು. ಊರಿನ ಸುದ್ದಿಯೆಲ್ಲ ಅವಳ ನಾಲಿಗೆಯ ತುದಿಯಲ್ಲಿ. ಸೊಸೆಯ ಸುದ್ದಿ, ಸೊಸೆಯ ತವರಿನ ಸುದ್ದಿ, ತವರಿನ ಎಮ್ಮೆಯ ಸುದ್ದಿ. ಅಂಥವಳು ಎರಡು ದಿನದಿಂದ ತುಟಿ ಬಿಚ್ಚಿರಲಿಲ್ಲ. ಪತ್ತೇದಾರಿಗೆ ಅದಕ್ಕಿಂತ ದೊಡ್ಡ ಸುಳಿವು ಬೇಕಿರಲಿಲ್ಲ.

ಸಂಜೆ ನಲ್ಲಿಯ ಹತ್ತಿರ ಅವಳ ಕೊಡ ಹಿಡಿದುಕೊಂಡಳು. "ನೀನು ಸುಮ್ಮನಿದ್ರೆ ನನಗೆ ಹೆದರಿಕೆ ಆಗುತ್ತೆ ಕಣೇ. ಹೇಳಿಬಿಡು."

ಬಾಯಿಬಡುಕಿ ಆಚೀಚೆ ನೋಡಿದಳು. ಅತ್ತಳು. ಆಮೇಲೆ ಹೇಳಿದಳು.

ಶೆಡ್ಡಿನ ಮೇಸ್ತ್ರಿಗೆ ಒಂದು ಆಟವಿತ್ತು. ಯಾರಾದರೂ ಮಾತಾಡಿದರೆ, ತಡವಾಗಿ ಬಂದರೆ, ಹೆಚ್ಚು ಸಲ ಹೊರಗೆ ಹೋದರೆ, ಅವಳನ್ನು ಕೋಲ್ಡ್ ರೂಮಿಗೆ ನೂಕಿ ಬಾಗಿಲು ಹಾಕುತ್ತಿದ್ದ. ತಲೆ ತಣ್ಣಗಾಗ್ಲಿ ಅನ್ನುತ್ತಿದ್ದ. ಒಳಗೆ ಆಳೆತ್ತರ ಪೆಟ್ಟಿಗೆ, ಹೊಗೆಯಂಥ ಚಳಿ. ಒಳಗಿನಿಂದ ತೆಗೆಯುವ ಹಿಡಿ ಮುರಿದು ಎಷ್ಟೋ ಕಾಲವಾಗಿತ್ತು. ಒಳಗಿದ್ದವಳು ಬಾಗಿಲು ಬಡಿಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವನು ತೆಗೆದು, ಹಿಂದಿನ ಬಾಗಿಲಿನಿಂದ ಮನೆಗೆ ಅಟ್ಟುತ್ತಿದ್ದ. ಅವತ್ತಿನ ಕೂಲಿ ಇಲ್ಲ. ಅಲ್ಲಿದ್ದ ಪ್ರತಿಯೊಬ್ಬಳೂ ಒಂದಲ್ಲ ಒಂದು ದಿನ ಆ ಬಾಗಿಲು ಬಡಿದವಳೇ. ಮೊದಮೊದಲು ಎಲ್ಲರಿಗೂ ಸಿಟ್ಟು ಬರುತ್ತಿತ್ತು. ಎಷ್ಟು ದಿನ ಸಿಟ್ಟು ಮಾಡುವುದು? ಬಡವನ ಕೋಪ ದವಡೆಗೆ ಮೂಲ. ಬರಬರುತ್ತಾ ಅದು ತಮಾಷೆಯಾಯಿತು. ಬಡಿತ ಕೇಳಿದರೆ ಸಿಗಡಿ ಸುಲಿಯುತ್ತಾ ನಗುತ್ತಿದ್ದರು. ನಗದೆ ಹೋದರೆ ಆ ಶೆಡ್ಡಿನಲ್ಲಿ ನಿಲ್ಲಲು ಸಾಧ್ಯವಿರಲಿಲ್ಲ.

"ಅವಳು ಬಟ್ಟೆ ಬದಲಾಯಿಸೋಕೆ ಎರಡನೇ ಸಲ ಹೊರಗೆ ಹೊರಟಳು," ಅಂದಳು ಬಾಯಿಬಡುಕಿ. "ಮೇಸ್ತ್ರಿ ಬಾಗಿಲಲ್ಲಿ ಅಡ್ಡ ಹಾಕಿದ. ಏನೇ ಪದೇ ಪದೇ, ಒಳಗೇನು ಕೊಳವೆ ಒಡೆದಿದೆಯಾ ಅಂದ. ಎಲ್ಲರೆದುರಿಗೆ. ಇವಳು ಸುಮ್ಮನಿರ್ಬೇಕಿತ್ತು. ನಿಮ್ಮ ಮನೇಲಿ ಹೆಂಗಸರಿಲ್ವಾ ಅಂದುಬಿಟ್ಟಳು."

"ಆಮೇಲೆ?"

"ಒಳಗೆ ಹಾಕಿದ. ಬಡೀತಾ ಇದ್ದಳು. ಎಲ್ಲರೂ ಕೇಳಿದ್ವಲ್ಲ. ನೀನು ಐಸ್ ಮೆಷಿನ್ ಹತ್ರ ಇದ್ದೆ, ನಿನಗೆ ಯಾರು ಅಂತ ಕಾಣಿಸ್ಲಿಲ್ಲ. ಇವತ್ತು ಯಾರ ತಲೆ ತಣ್ಣಗಾಗ್ತಿದೆ ಅಂತ ನೀನೇ ಕೂಗಿ ಕೇಳಿದೆ. ನಾವೆಲ್ಲ ನಕ್ವಿ."

ಕೊಡ ತುಂಬಿ ಹರಿಯುತ್ತಿತ್ತು. ಯಾರೂ ನಲ್ಲಿ ನಿಲ್ಲಿಸಲಿಲ್ಲ.

"ನಿನ್ನ ತಂಗಿ ಅಂತ ಹೇಳೋಣ ಅಂದ್ಕೊಂಡೆ ಅಕ್ಕ. ಇನ್ನೇನು ಬಿಡ್ತಾನೆ ಅಂತ ಸುಮ್ಮನಾದೆ. ಆಮೇಲೆ ಬಡಿತ ನಿಂತಿತು. ಬಿಟ್ಟಿರ್ಬೇಕು, ಹಿಂದಿನ ಬಾಗಿಲಿಂದ ಮನೆಗೆ ಹೋಗಿರ್ಬೇಕು ಅಂದ್ಕೊಂಡೆ. ನನ್ನಾಣೆ."

ಪತ್ತೇದಾರಿಗೆ ನೆನಪಿತ್ತು. ಬಡಿತವೂ ನೆನಪಿತ್ತು, ತನ್ನ ನಗುವೂ ನೆನಪಿತ್ತು. ಅವತ್ತು ಸಂಜೆ ಮನೆಗೆ ಬಂದಾಗ ತಂಗಿ ಇರಲಿಲ್ಲ. ಬೆಳಗಿನ ಜಗಳದ ಕೋಪಕ್ಕೆ ಯಾವಳೋ ಗೆಳತಿಯ ಮನೆಯಲ್ಲಿ ಮಲಗಿದ್ದಾಳೆ, ಹಸಿವಾದರೆ ಬರುತ್ತಾಳೆ ಅಂತ ತಾನೇ ಅಮ್ಮನಿಗೆ ಹೇಳಿ ಚಾಪೆ ಹಾಸಿಕೊಂಡಿದ್ದಳು. ನಲ್ಲಿಯ ಕಟ್ಟೆಗೆ ಬಗ್ಗಿದಳು. ಹೊಟ್ಟೆಯಲ್ಲಿದ್ದದ್ದೆಲ್ಲ ವಾಂತಿಯಾಯಿತು. ಆ ನಗುವನ್ನೂ ಕಕ್ಕಿಬಿಡಲು ಸಾಧ್ಯವಿದ್ದರೆ ಕಕ್ಕಿಬಿಡುತ್ತಿದ್ದಳು.

ಆದರೂ ಅರ್ಧಕ್ಕೆ ಬಿಡಲಿಲ್ಲ. ಕೋಲ್ಡ್ ರೂಮಿನಲ್ಲಿದ್ದವಳು ದಡಕ್ಕೆ ಹೇಗೆ ಬಂದಳು? ಹೆಣ ನಡೆಯುವುದಿಲ್ಲ. ಶೆಡ್ಡಿನಿಂದ ದಡಕ್ಕೆ ದಿನಾ ಹೋಗುವುದು ಒಂದೇ ಒಂದು. ಸಿಪ್ಪೆ ಸುರಿಯುವ ಕೈಗಾಡಿ.

ಬೆಳಿಗ್ಗೆ ಟೀ ಅಂಗಡಿಯ ಮುಂದೆ, ಕೈಗಾಡಿಯವನು ಟೀ ಹೀರುತ್ತಿರುವಾಗ, ಅವಳು ಅಂಗಡಿಯವನಿಗೆ ಹೇಳಿದಳು. "ಪೊಲೀಸರು ಹೇಳಿದ್ರಪ್ಪ, ನನ್ನ ತಂಗಿಯ ಕೂದಲು ಯಾವುದೋ ಗಾಡಿಗೆ ಸಿಕ್ಕಿಕೊಂಡಿದೆಯಂತೆ. ಇವತ್ತು ಬಂದು ಎಲ್ಲ ಗಾಡಿ ನೋಡ್ತಾರಂತೆ." ಹೇಳಿ ತನ್ನ ಪಾಡಿಗೆ ಹೊರಟುಹೋದಳು.

ಸ್ವಲ್ಪ ಹೊತ್ತು ಬಿಟ್ಟು ಶೆಡ್ಡಿನ ಹಿಂಭಾಗಕ್ಕೆ ಹೋದರೆ, ಕೈಗಾಡಿಯವನು ಗಾಡಿ ತೊಳೆಯುತ್ತಿದ್ದ. ಮಾಡಿಸಿದ ದಿನದಿಂದ ನೀರು ಕಾಣದ ಗಾಡಿ. ಅದಕ್ಕೆ ಸೋಪು ಹಚ್ಚಿ ತೆಂಗಿನ ನಾರಿನಲ್ಲಿ ಉಜ್ಜುತ್ತಿದ್ದ.

"ಏನಣ್ಣ, ಗಾಡಿಗೆ ಮದುವೆನಾ?"

ಅವನ ಕೈಯಿಂದ ನಾರು ಜಾರಿತು. ದೊಡ್ಡ ಆಳು. ಗಾಡಿಯ ಚಕ್ರ ಹಿಡಿದುಕೊಂಡು ನೆಲದಲ್ಲೇ ಕೂತ.

"ಬೆಳಗಾಗೋ ಮುಂಚೆ ಮೇಸ್ತ್ರಿ ಬಂದು ಎಬ್ಬಿಸಿದ ತಾಯಿ. ಧಣಿ ಬಂದರಿಗೆ ಕರೆದ್ರು, ಹೋದೋನು ಅಲ್ಲಿಂದಲೇ ಮನೆಗೆ ಹೋದೆ, ಮರೆತೇಬಿಟ್ಟೆ ಕಣೋ ಅಂತ ಅಳ್ತಿದ್ದ. ಶೆಡ್ಡಿನ ಬೂಟು ಕಳಚಿ, ಸಿಪ್ಪೆ ಮುಚ್ಚಿ ತಳ್ಕೊಂಡು ಹೋದೆ. ನೀರಲ್ಲಿ ಬಿಟ್ಟೆ. ಅಲೆ ವಾಪಸ್ ತಂದು ಹಾಕಿತು. ನನಗೂ ಮಕ್ಕಳಿದ್ದಾರೆ."

ಮರೆತನಂತೆ. ಒಲೆಯ ಮೇಲಿಟ್ಟ ಹಾಲು ಮರೆತ ಹಾಗೆ. ಕೊಡೆ ಮರೆತ ಹಾಗೆ. ಒಂದು ಹೆಣ್ಣು ಜೀವವನ್ನು ಚಳಿಯಲ್ಲಿಟ್ಟು ಮರೆತನಂತೆ. ಬಿಗಿದ ಬಾಗಿಲ ಹಿಂದೆ ಅವಳು ಎಷ್ಟು ಹೊತ್ತು ಅಮ್ಮ ಅಂದಳೋ, ಎಷ್ಟು ಹೊತ್ತು ಅಕ್ಕ ಅಂದಳೋ. ಅವಳಿಗೆ ಮಾತ್ರ ಯಾರನ್ನೂ ಮರೆಯುವ ಸೌಕರ್ಯ ಇರಲಿಲ್ಲ.

"ಠಾಣೆಗೆ ಬಾ. ಇದನ್ನೇ ಹೇಳು. ನಿನ್ನ ಕಾಲಿಗೆ ಬೀಳ್ತೀನಿ," ಅಂದಳು. ಬಿದ್ದೂ ಬಿದ್ದಳು. ಅವನು ಬಂದ. ದಾರಿಯುದ್ದಕ್ಕೂ ಹೇಳ್ತೀನಿ ತಾಯಿ, ಹೇಳ್ತೀನಿ ಅಂತ ತನಗೆ ತಾನೇ ಹೇಳಿಕೊಳ್ಳುತ್ತಾ ಬಂದ.

ಠಾಣೆಯಲ್ಲಿ ಮೇಸ್ತ್ರಿ ಕುರ್ಚಿಯ ಮೇಲೆ ಕೂತಿದ್ದ. ಅವನ ಮುಂದೆ ಟೀ ಇತ್ತು. ದಫೇದಾರನ ಮುಂದೆಯೂ ಇತ್ತು. ಬಾಳೆ ಎಲೆಯಲ್ಲಿ ಕಟ್ಟಿದ ದೊಡ್ಡ ಸಿಗಡಿಯ ಪೊಟ್ಟಣ ಮೇಜಿನ ಮೇಲಿತ್ತು. ಅದನ್ನು ತೆಗೀರಿ ಅಂತ ದಫೇದಾರ ಅಂದ ಹಾಗೆ ಕಾಣಲಿಲ್ಲ.

ಕೈಗಾಡಿಯವನು ಮೇಸ್ತ್ರಿಯನ್ನು ನೋಡಿದ. ಮೇಸ್ತ್ರಿ ಅವನನ್ನು ನೋಡಲೂ ಇಲ್ಲ. ಅಷ್ಟು ಸಾಕಾಯಿತು.

"ನನಗೇನೂ ಗೊತ್ತಿಲ್ಲ ಸಾರ್. ಗಾಡಿ ಗಲೀಜಾಗಿತ್ತು, ತೊಳೆದೆ."

"ನೋಡಿದ್ಯಾ? ಎಲ್ಲರೂ ಏನೋ ತೊಳೀತಾರೆ," ಅಂದ ದಫೇದಾರ. "ನೀನು ಅದಕ್ಕೆಲ್ಲ ಕಥೆ ಕಟ್ತೀಯ."

"ಕೋಲ್ಡ್ ರೂಮಿನ ಬಾಗಿಲು ನೋಡಿ ಸಾರ್. ಒಳಗಿಂದ ತೆಗೆಯೋಕೆ ಬರಲ್ಲ. ಹಿಡಿ ಮುರಿದಿದೆ."

"ನೋಡಿದೆ. ಹೊಸ ಹಿಡಿ ಇದೆ. ಚೆನ್ನಾಗಿದೆ."

ನಿನ್ನೆಯೇ ಹಾಕಿಸಿದ್ದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಇವರು ಹಾಕಿದ್ದು ಕೊಳ್ಳೆ ಹೊಡೆದವರನ್ನು ಕಾಯಲು. ಪತ್ತೇದಾರಿಗೆ ಎಲ್ಲ ಪತ್ತೆಯಾಗಿತ್ತು. ಯಾರು, ಎಲ್ಲಿ, ಹೇಗೆ, ಎಲ್ಲ. ಕೋಳಿಯ ಕಳ್ಳನಾದರೆ ಕೇರಿಯವರು ಸೇರಿ ನಾಲ್ಕು ಬಿಗಿದು ಕೋಳಿಯ ಬೆಲೆ ಕೊಡಿಸುತ್ತಿದ್ದರು. ಇಲ್ಲಿ ಸತ್ಯವನ್ನು ಕೈಯಲ್ಲಿ ಹಿಡಿದುಕೊಂಡು ಎಲ್ಲಿ ಇಡಬೇಕು ಅನ್ನುವುದೇ ತಿಳಿಯಲಿಲ್ಲ.

ಆ ಸಂಜೆ ಅವರೇ ಮನೆಗೆ ಬಂದರು. ಮೇಸ್ತ್ರಿ, ದಫೇದಾರ, ಹಿಂದೆ ತಲೆ ತಗ್ಗಿಸಿಕೊಂಡು ಕೈಗಾಡಿಯವನು. ದಫೇದಾರನ ಕೈಯಲ್ಲಿ ಒಂದು ಕಾಗದ. ಕೂರಲು ಚಾಪೆ ಹಾಸಿದರೆ ಮೇಸ್ತ್ರಿ ಕೂರಲಿಲ್ಲ, ಬಾಗಿಲಿಗೆ ಒರಗಿ ನಿಂತ. ಬಾಗಿಲೆಂದರೆ ಅವನಿಗೆ ಅಷ್ಟು ಸಲಿಗೆ.

"ನೋಡಮ್ಮ," ಅಂದ ದಫೇದಾರ, ಅಮ್ಮನಿಗೆ. "ಮನೇಲಿ ಮಾತಿಗೆ ಮಾತು ಬಂತು, ಬೇಜಾರಾಗಿ ಸಮುದ್ರಕ್ಕೆ ಬಿದ್ದಳು, ನಮಗೆ ಯಾರ ಮೇಲೂ ಅನುಮಾನ ಇಲ್ಲ. ಇಷ್ಟೇ ಬರೆದಿರೋದು. ಹೆಬ್ಬೆಟ್ಟು ಒತ್ತು."

"ನಿಜವನ್ನೇ ಬರೆದಿದ್ದೀರ," ಅಂದಳು ಅಮ್ಮ. ಕೈ ಮುಂದೆ ಮಾಡಿದಳು. ದಫೇದಾರ ಅವಳ ಹೆಬ್ಬೆಟ್ಟಿಗೆ ಶಾಯಿ ಹಚ್ಚಿದ.

ಪತ್ತೇದಾರಿ ಆ ಕೈ ಹಿಡಿದುಕೊಂಡಳು. "ಅಮ್ಮ, ನನ್ನ ಮುಖ ನೋಡು. ಇದು ಸಮಾಧಾನದ ಮಾತಲ್ಲ." ಮೇಸ್ತ್ರಿಯ ಎದುರಿಗೇ ಎಲ್ಲ ಹೇಳಿದಳು. ಬಟ್ಟೆ ಬದಲಾಯಿಸಲು ಹೊರಟದ್ದು, ಅವನು ಆಡಿದ ಮಾತು, ತಂಗಿ ತಿರುಗಿ ಆಡಿದ ಮಾತು, ಕೋಲ್ಡ್ ರೂಮು, ಮುರಿದ ಹಿಡಿ, ಸಿಪ್ಪೆಯ ಗಾಡಿ. ಕೈಗಾಡಿಯವನು ನೆಲ ನೋಡುತ್ತಾ ನಿಂತಿದ್ದ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ಆ ನೀರನ್ನು ಅಮ್ಮ ನೋಡಿದಳು. ಅವಳಿಗೆ ನಂಬಿಕೆ ಬಂದದ್ದು ಆಗ.

ಅಮ್ಮ ಕೇಳಿದಳು.

"ಬಾಗಿಲು ಬಡಿದಳಾ?"

ಇದೊಂದನ್ನು ಮಗಳು ಹೇಳದೆ ಉಳಿಸಿಕೊಂಡಿದ್ದಳು. ಈಗ ಉಳಿಸಿಕೊಳ್ಳಲು ಆಗಲಿಲ್ಲ. "ಹೂಂ ಅಮ್ಮ."

"ಯಾರಿಗೂ ಕೇಳಿಸ್ಲಿಲ್ವಾ?"

"ಕೇಳಿಸಿತು."

"ನೀನು ಎಲ್ಲಿದ್ದೆ?"

"ಅಲ್ಲೇ ಇದ್ದೆ. ನನಗೂ ಕೇಳಿಸಿತು. ಅವಳು ಅಂತ ಗೊತ್ತಿರ್ಲಿಲ್ಲ. ದಿನಾ ಯಾರಾದ್ರೂ ಬಡೀತಾರೆ ಅಮ್ಮ."

ಅಮ್ಮ ಅವಳನ್ನೇ ನೋಡಿದಳು. ಅಷ್ಟು ದಿನ ಗೋಡೆಗೆ ತಿರುಗಿದ್ದ ಮುಖ ಪೂರಾ ಇವಳ ಕಡೆಗೆ ತಿರುಗಿತ್ತು. ಬೈದಿದ್ದರೆ ಚೆನ್ನಾಗಿತ್ತು. ಹೊಡೆದಿದ್ದರೆ ಇನ್ನೂ ಚೆನ್ನಾಗಿತ್ತು. ಅಮ್ಮ ಮೆಲ್ಲಗೆ ತನ್ನ ಕೈ ಬಿಡಿಸಿಕೊಂಡಳು. ಶಾಯಿಯ ಹೆಬ್ಬೆಟ್ಟನ್ನು ಕಾಗದದ ಕಡೆಗೆ ಚಾಚಿದಳು.

"ಎಲ್ಲಿ ಒತ್ಬೇಕು ಸಾಹೇಬ್ರೇ?"

"ಬೇಡ ಅಮ್ಮ."

"ನಾನು ಬೈದೆ, ಅವಳು ಬಿದ್ದಳು. ಅಷ್ಟಾದ್ರೆ ನಾನು ಹೊತ್ಕೊಳ್ತೀನಿ. ನೀನು ಹೇಳಿದ್ದನ್ನ ಹೊರೋಕೆ ನನ್ನಿಂದಾಗಲ್ಲ." "ಇರೋಳು ನೀನೊಬ್ಬಳು. ನಿನ್ನ ಮುಖ ನೋಡ್ಕೊಂಡು ಬದುಕ್ಬೇಕಲ್ಲ ನಾನು."

ಒತ್ತಿದಳು. ದಫೇದಾರ ಊದಿ ಒಣಗಿಸಿದ.

"ಸಾಕ್ಷಿಗೆ ನೀನೂ ಒತ್ತು," ಅಂದ ಪತ್ತೇದಾರಿಗೆ.

ಅವಳು ಎರಡೂ ಕೈಯನ್ನು ಕಂಕುಳಲ್ಲಿ ಬಿಗಿದುಕೊಂಡಳು. "ನಾನು ಒತ್ತಲ್ಲ."

"ಒತ್ತದಿದ್ರೆ ಕೆಲಸಕ್ಕೆ ಹೇಗೆ ಬರ್ತೀಯ ನೋಡ್ತೀನಿ," ಅಂದ ಮೇಸ್ತ್ರಿ. ಅಷ್ಟು ಹೊತ್ತಿಗೆ ಅವನು ಆಡಿದ ಮೊದಲ ಮಾತು ಅದು.

"ನಡ್ಕೊಂಡು ಬರ್ತೀನಿ. ಆಗದಿದ್ರೆ ನೀನೇ ತೆಗೆದು ಹಾಕು. ಯಾಕೆ ತೆಗೆದೆ ಅಂತ ಕೇಳೋರಿಗೆ ನಾನೇ ಹೇಳ್ತೀನಿ."

ಅವಳು ಒತ್ತಲಿಲ್ಲ. ಅದರಿಂದ ಏನು ನಿಂತಿತು? ಏನೂ ನಿಲ್ಲಲಿಲ್ಲ. ಸಾಕ್ಷಿಗೆ ಇನ್ನೊಂದು ಹೆಬ್ಬೆಟ್ಟು ಬೇಕಿತ್ತು, ಕೈಗಾಡಿಯವನದು ಅಲ್ಲೇ ಇತ್ತು. ಅವರು ಹೋದ ಮೇಲೆ ಅಮ್ಮ ತಾನಾಗಿಯೇ ಎದ್ದು ತಟ್ಟೆಗೆ ಅನ್ನ ಹಾಕಿಕೊಂಡಳು. ಮಗಳಿಗೂ ಹಾಕಿದಳು. ಇಬ್ಬರೂ ಉಂಡರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಸಿಗಡಿಯ ಕಾಲ, ಪೆಟ್ಟಿಗೆ ಪೆಟ್ಟಿಗೆ ಬಂದು ಬೀಳುತ್ತಿತ್ತು, ಸುಲಿಯುವ ಕೈ ಕಮ್ಮಿ. ಮೇಸ್ತ್ರಿ ಕೆಲವು ದಿನ ಬಾಲ ಮುದುರಿಕೊಂಡಿದ್ದ. ಆಮೇಲೆ ಮುದುರಿದ್ದು ನೆಟ್ಟಗಾಯಿತು. ನಾಯಿಯ ಬಾಲವಾದರೆ ಡೊಂಕೇ ಉಳಿಯುತ್ತಿತ್ತು, ಇವನದು ಸೆಟೆದು ನಿಂತಿತು. ಕೋಲ್ಡ್ ರೂಮಿನ ಒಳಗೆ ಹೊಸ ಹಿಡಿ ಹೊಳೆಯುತ್ತಿತ್ತು. ಹೊರಗೆ ಹೊಸ ಬೀಗವೂ ಬಂದಿತ್ತು. ಸಿಗಡಿ ಕಳುವಾಗದಿರಲಿ ಅಂತ.

ಒಂದು ಮಧ್ಯಾಹ್ನ ಬಾಯಿಬಡುಕಿಗೆ ಬಾಯಿ ತಿರುಗಿ ಬಂತು. ಪಕ್ಕದವಳ ಕಿವಿಯಲ್ಲಿ ಏನೋ ಅಂದಳು. ಮೇಸ್ತ್ರಿ ನೋಡಿದ. ತೋಳು ಹಿಡಿದು ಎಳೆದುಕೊಂಡು ಹೋದ. "ಊರೆಲ್ಲ ಸುದ್ದಿ ಹಂಚಿದ್ದು ನೀನೇ ಅಲ್ವಾ? ಸ್ವಲ್ಪ ತಣ್ಣಗಾಗು." ಬಾಗಿಲು ಮುಚ್ಚಿತು. ಬೀಗ ಬಿತ್ತು. ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಅವನು ಗೇಟಿನ ಕಡೆಗೆ ಹೋದ. ಅಲ್ಲಿ ಐಸಿನ ಲಾರಿ ಬಂದಿತ್ತು.

ಒಳಗಿನಿಂದ ಬಡಿತ ಶುರುವಾಯಿತು.

ಯಾರೂ ನಗಲಿಲ್ಲ. ಅಷ್ಟು ಮಾತ್ರ ಬದಲಾಗಿತ್ತು. ಯಾರೂ ತಲೆ ಎತ್ತಲೂ ಇಲ್ಲ. ಕೈಗಳು ಸಿಗಡಿಯ ತಲೆ ಮುರಿದವು, ಸಿಪ್ಪೆ ಎಳೆದವು, ನಾರು ಕಿತ್ತವು. ಬಡಿತ ಬರುತ್ತಲೇ ಇತ್ತು.

ಪತ್ತೇದಾರಿ ಮೇಜು ಬಿಟ್ಟಳು. ಕಣಕಾಲು ಮುಳುಗುವ ನೀರಿನಲ್ಲಿ ಗಮ್‌ಬೂಟು ಎಳೆಯುತ್ತಾ ಶೆಡ್ಡಿನ ಉದ್ದಕ್ಕೂ ನಡೆದಳು. ಕೆಲಸದ ಹೊತ್ತಿನಲ್ಲಿ ಹಾಗೆ ಯಾರೂ ನಡೆದದ್ದಿಲ್ಲ. ಬೀಗ ಹಿಡಿದು ಜಗ್ಗಿದಳು. ಅದು ಅಲುಗಲಿಲ್ಲ. ಇನ್ನೊಮ್ಮೆ ಜಗ್ಗಿದಳು. ಹುಣ್ಣಾದ ಬೆರಳು ಬಿರಿದು ರಕ್ತ ಬಂತು. ತನ್ನಿಂದ ಅದನ್ನು ತೆಗೆಯಲಾಗುವುದಿಲ್ಲ ಅಂತ ಗೊತ್ತಾಯಿತು. ಅವಳ ಕೈಯಲ್ಲಿ ಇದ್ದದ್ದು ಕೈ ಮಾತ್ರ.

ಮುಷ್ಟಿ ಕಟ್ಟಿ ಬಾಗಿಲಿಗೆ ಬಡಿದಳು. ಒಳಗಿನ ಬಡಿತ ಒಂದು ಕ್ಷಣ ನಿಂತಿತು. ಆಮೇಲೆ ಒಂದು ಬಂತು. ಇವಳೂ ಒಂದು ಬಡಿದಳು. ಒಳಗಿನಿಂದ ಎರಡು. ಹೊರಗಿನಿಂದ ಎರಡು.

ಸದ್ದು ಕೇಳಿ ಮೇಸ್ತ್ರಿ ಓಡಿ ಬಂದ. "ಏನೇ ಅದು? ಬೀಗ ಒಡೀತೀಯಾ?"

"ಒಡೆಯೋಕೆ ಆಗ್ಲಿಲ್ಲ."

"ಮತ್ತೇನು ಮಾಡ್ತಿದ್ದೀಯ ಇಲ್ಲಿ?"

"ಕೇಳಿಸ್ತಿದೆ ಅಂತ ಅವಳಿಗೆ ಹೇಳ್ತಿದ್ದೀನಿ."

ಅವನು ಅವಳ ಜಡೆಗೆ ಕೈ ಹಾಕಿದ. ಅವಳು ಇನ್ನೊಂದು ಸಲ ಬಡಿದಳು.